ಜೀತ ಅಂದರೆ ಕೆಲಸವಲ್ಲ

ತಾಯಮ್ಮ ಹುಟ್ಟಿದ ತಾರೀಖು ಅವಳಿಗೇ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು ಎಂದಿದೆ. ಅದು ತಿ. ನರಸೀಪುರದ ಹತ್ತಿರದ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರು ಒಂದೇ ಸಾಲಿನಲ್ಲಿ ಕೂತಿದ್ದ ಏಳು ಮಕ್ಕಳಿಗೂ ಬರೆದುಕೊಂಡ ತಾರೀಖು. ಆದರೆ ತನ್ನ ಬದುಕಿನ ಇನ್ನೊಂದು ತಾರೀಖನ್ನು ಯಾರು ಯಾವಾಗ ಕೇಳಿದರೂ ಅವಳು ತಡವರಿಸದೆ ಹೇಳುತ್ತಾಳೆ: ಎರಡು ಸಾವಿರದ ಒಂದನೇ ಇಸವಿ, ಜೂನ್ ಹತ್ತೊಂಬತ್ತು, ಮಂಗಳವಾರ. ಮಿಶಿಗನ್ನಿನ ಕ್ಯಾಂಟನ್‌ನಲ್ಲಿ ಒಂದು ಮನೆಯ ಮುಂಬಾಗಿಲು ತೆಗೆದು ಹಾಡುಹಗಲಲ್ಲಿ ಅವಳು ಹೊರಗೆ ನಡೆದ ದಿನ ಅದು.

ಆ ಮನೆಗೆ ಅವಳು ಬಂದಿದ್ದು ತೊಂಬತ್ತೆಂಟರ ಅಕ್ಟೋಬರಿನಲ್ಲಿ. ಲಾರಿ ಕ್ಲೀನರ್ ಆಗಿದ್ದ ಗಂಡ ಸತ್ತು ಆರು ವರ್ಷವಾಗಿತ್ತು. ಒಂಬತ್ತು ವರ್ಷದ ಮಗಳು ಲತಾಶ್ರೀಯನ್ನು ಮೈಸೂರಿನ ಹಾಸ್ಟೆಲೊಂದರಲ್ಲಿ ಬಿಟ್ಟು, ತಾನು ಸರಸ್ವತಿಪುರಂನ ಒಬ್ಬ ಮುದುಕಿಯ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಆ ಮುದುಕಿಯ ಮಗಳು ಅನುರಾಧಾ. ಅವಳ ಗಂಡ ಶ್ರೀಧರ್ ಡೆಟ್ರಾಯ್ಟ್ ಕಡೆ ಒಂದು ಕಾರು ಕಂಪನಿಯಲ್ಲಿ ಇಂಜಿನಿಯರು. ಅವಳಿ ಮಕ್ಕಳಾಗಿ ನಾಲ್ಕು ತಿಂಗಳಿಗೆ ಅನುರಾಧಾ ಮೈಸೂರಿಗೆ ಬಂದಿದ್ದಳು. ತಾಯಮ್ಮನ ಕೈರುಚಿ ನೋಡಿದಳು, ಮಕ್ಕಳು ಅವಳ ಹೆಗಲ ಮೇಲೆ ಸುಮ್ಮನಾಗುವುದನ್ನು ನೋಡಿದಳು.

“ಎರಡೇ ವರ್ಷ ತಾಯಮ್ಮ. ಮಕ್ಕಳು ಸ್ವಲ್ಪ ದೊಡ್ಡೋರಾಗೋ ತನಕ. ನಿನ್ನ ಮಗಳ ಹಾಸ್ಟೆಲ್ಲು, ಓದು ಎಲ್ಲಾ ನಮ್ಮ ಜವಾಬ್ದಾರಿ. ನೀನು ಮನೆಯೋಳ ಥರಾನೇ ಇರ್ತೀಯ” ಎಂದಳು.

ಡೆಟ್ರಾಯ್ಟಿನ ವಿಮಾನ ನಿಲ್ದಾಣದಲ್ಲಿ ಶ್ರೀಧರ್ ಅವಳ ಪಾಸ್‌ಪೋರ್ಟನ್ನು ಕೈಯಿಂದ ತೆಗೆದುಕೊಂಡು ತನ್ನ ಕೋಟಿನ ಒಳಜೇಬಿಗೆ ಹಾಕಿಕೊಂಡ. ಕಳೆದುಹೋದೀತು, ನಾನು ಇಟ್ಟುಕೊಂಡಿರುತ್ತೇನೆ ಎಂದ. ತಾಯಮ್ಮನಿಗೆ ಅದು ಉಪಕಾರವೆಂದೇ ಅನಿಸಿತು.

ಹೊಸ ಬಡಾವಣೆಯಲ್ಲಿ ದೊಡ್ಡ ಮನೆ. ಅವಳ ಹಾಸಿಗೆ ಬೇಸ್‌ಮೆಂಟಿನಲ್ಲಿ, ಮನೆಯನ್ನು ಬೆಚ್ಚಗಿಡುವ ಯಂತ್ರದ ಪಕ್ಕ. ಅವಳ ತಟ್ಟೆ ಲೋಟ ಬೇರೆ, ಸಿಂಕಿನ ಕೆಳಗಿನ ಗೂಡಿನಲ್ಲಿ. ಬೆಳಗಿನ ಐದಕ್ಕೆ ಎದ್ದರೆ ಎಲ್ಲರೂ ಮಲಗಿದ ಮೇಲೇ ಅವಳು ಮಲಗುವುದು. ಅಡುಗೆ, ಇಬ್ಬರು ಮಕ್ಕಳು, ಬಟ್ಟೆ, ಮೂರು ಬಚ್ಚಲು. ಶನಿವಾರ ಬಂತೆಂದರೆ ಇಪ್ಪತ್ತು, ಮೂವತ್ತು ಜನರ ಊಟ. ಭಾನುವಾರ ಎಂಬುದು ಅವಳ ಪಾಲಿಗೆ ಪಾತ್ರೆಗಳ ದಿನ.

“ಒಬ್ಬಳೇ ಹೊರಗೆ ಕಾಲಿಟ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ” ಎಂದಿದ್ದಳು ಅನುರಾಧಾ. “ನಮ್ಮನೆಗೆ ಊಟಕ್ಕೆ ಬರೋರನ್ನ ಬಿಟ್ರೆ ಇಲ್ಲಿ ಒಬ್ಬರಿಗೂ ಕನ್ನಡ ಬರಲ್ಲ. ಏನಂತ ಹೇಳ್ತೀಯ ಅವರಿಗೆ?”

ಎರಡು ವರ್ಷ ತುಂಬಿದ ದಿನ ತಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅವ್ವಾರೆ, ನಾನಿನ್ನು ಊರ್ಗೆ ಓಯ್ತೀನಿ, ನನ್ ಪಾಸ್‌ಪೋರ್ಟ್ ಕೊಡಿ” ಎಂದು ಕೇಳಿದಳು. ಅನುರಾಧಾ ಎದ್ದು ಬಂದು ಕೆನ್ನೆಗೆ ಹೊಡೆದಳು. ಶ್ರೀಧರ್ ಸೋಫಾದಲ್ಲೇ ಇದ್ದ. ಟೀವಿಯ ದನಿ ಸ್ವಲ್ಪ ಜೋರು ಮಾಡಿದ. ಮರುದಿನ ಅನುರಾಧಾಳೇ ಒಂದು ಹಳೆಯ ರೇಷ್ಮೆ ಸೀರೆ ತಂದು ಕೊಟ್ಟು, “ನೀನು ಹೋದ್ರೆ ಈ ಮಕ್ಕಳು ಬದುಕ್ತಾರಾ ಹೇಳು” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಕಣ್ಣೀರು ಸುಳ್ಳಲ್ಲ ಎಂದು ತಾಯಮ್ಮನಿಗೆ ಇಂದಿಗೂ ಅನಿಸುತ್ತದೆ. ಅದು ಸುಳ್ಳಾಗಿದ್ದರೆ ಅವಳು ಬೇಗ ಹೊರಡುತ್ತಿದ್ದಳೇನೋ.

ಒಮ್ಮೆ ಮಾತ್ರ, ಮನೆಯಲ್ಲಿ ದೊಡ್ಡ ಔತಣವಿದ್ದಾಗ, ಅಕ್ಕಿಮೂಟೆ ಹೊರಲೆಂದು ಅವಳನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದರು. ಗಲ್ಲಾದ ಹಿಂದೆ ತಲೆಗೆ ದುಪಟ್ಟಾ ಹೊದ್ದ ಒಬ್ಬ ಹೆಂಗಸು ತನ್ನ ಪುಟ್ಟ ಮಗಳನ್ನು ಗದರುತ್ತಿದ್ದಳು. “ಏ ಆಯತ್! ಆ ಡಬ್ಬಿ ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಬೇಕು ನಿನಗ?”

ತಾಯಮ್ಮನ ಕೈಯಲ್ಲಿದ್ದ ಮೂಟೆ ಜಾರಿ ಕಾಲ ಮೇಲೆ ಬಿತ್ತು. ನೋವು ತಿಳಿಯಲಿಲ್ಲ. ಕನ್ನಡ! ಹೊರಗೆ ಒಬ್ಬರಿಗೂ ಬರುವುದಿಲ್ಲ ಎಂದಿದ್ದರಲ್ಲ! ವಾಪಸು ಬರುವಾಗ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು ತಿರುವುಗಳನ್ನು ಎಣಿಸಿಕೊಂಡಳು. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ, ಪೆಟ್ರೋಲ್ ಬಂಕಿನಲ್ಲಿ ಬಲಕ್ಕೆ, ಆಮೇಲೆ ಉದ್ದಕ್ಕೆ ನೇರ, ಕೊನೆಗೆ ಇಟ್ಟಿಗೆ ಗೇಟಿನೊಳಗೆ.

ಎಣಿಸಿಕೊಂಡಿದ್ದೇನೋ ಹೌದು. ಆದರೂ ಏಳು ತಿಂಗಳು ಅವಳು ಹೊರಡಲಿಲ್ಲ. ತಾನು ಇಲ್ಲಿ ದುಡಿದರೆ ಅಲ್ಲಿ ಮಗಳು ಓದುತ್ತಾಳೆ ಎಂಬ ಒಂದೇ ನಂಬಿಕೆ ಅವಳನ್ನು ಹಿಡಿದಿಟ್ಟಿತ್ತು. ತಿಂಗಳಿಗೊಂದು ಕಾಗದ ಬರೆದು ಶ್ರೀಧರನ ಕೈಗೆ ಕೊಡುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ ದುಂಡಕ್ಷರ. ಮಗಳಿಂದ ಒಂದೂ ಉತ್ತರ ಬರುತ್ತಿರಲಿಲ್ಲ. “ಆಟದ ವಯಸ್ಸು, ಬಿಡು. ಚೆನ್ನಾಗಿದ್ದಾಳಂತೆ” ಎನ್ನುತ್ತಿದ್ದ ಅವನು.

ಜೂನ್ ಹದಿನೆಂಟರ ಸೋಮವಾರ ಓದುವ ಕೋಣೆಯ ಧೂಳು ಒರೆಸುತ್ತಿದ್ದಾಗ ಮೇಜಿನ ಕೆಳಗಿನ ಡ್ರಾಯರ್ ಅರ್ಧ ತೆರೆದಿತ್ತು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಟ್ಟು. ಒಂದರಲ್ಲಿ ಅವಳೇ ಬರೆದ ಕಾಗದಗಳು, ಅಂಚೆಯ ಮುದ್ರೆ ಕಾಣದವು. ಇನ್ನೊಂದರಲ್ಲಿ ಲತಾಶ್ರೀಯವು, ಒಡೆದು ಓದಿ ಮಡಚಿಟ್ಟವು. ತಾಯಮ್ಮ ನೆಲದ ಮೇಲೆ ಕೂತು ಮೇಲಿನದನ್ನು ಓದಿದಳು. “ಅಮ್ಮ, ಫೀಸು ಬರಲಿಲ್ಲ ಅಂತ ಹಾಸ್ಟೆಲಿನವರು ಬಿಡಿಸಿ ಎರಡು ವರ್ಷ ಆಯಿತು ಅಂತ ಎಷ್ಟು ಸಲ ಬರೆದೆ. ಚಿಕ್ಕಮ್ಮನ ಮನೇಲಿ ಇದೀನಿ. ನೀನು ಯಾಕೆ ಬರೆಯಲ್ಲ? ನನ್ನ ಮೇಲೆ ಕೋಪಾನಾ?”

ಅತ್ತಳೇ ಎಂದು ಮುಂದೆ ಅನೇಕರು ಕೇಳಿದ್ದಾರೆ. ಇಲ್ಲ. ಧೂಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ಎರಡೂ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಂಗಳವಾರ ಬೆಳಿಗ್ಗೆ ಅನುರಾಧಾ ಅವಳಿ ಮಕ್ಕಳನ್ನು ಲೈಬ್ರರಿಗೆ ಕರೆದುಕೊಂಡು ಹೋಗುವ ರೂಢಿ. ಮಕ್ಕಳು ತಾಯಿಯ ಜೊತೆ ಇರುವ ಹೊತ್ತನ್ನೇ ಅವಳು ಕಾದಳು. ಕಾರು ಗೇಟು ದಾಟಿದ ಮೇಲೆ ಸಾರಿನ ಒಲೆ ಆರಿಸಿ, ಮುಂಬಾಗಿಲು ತೆಗೆದು ನಡೆದಳು.

ಸುಡುವ ಬಿಸಿಲು. ಮೂರು ಮೈಲಿ ದಾರಿ, ಬಹುಪಾಲು ಫುಟ್‌ಪಾತೇ ಇಲ್ಲದ್ದು. ಸೀರೆಯುಟ್ಟು ಹವಾಯಿ ಚಪ್ಪಲಿಯಲ್ಲಿ ರಸ್ತೆಯ ಅಂಚಿನ ಹುಲ್ಲಿನಲ್ಲಿ ನಡೆಯುತ್ತಿದ್ದವಳನ್ನು ನೋಡಿ ಕಾರುಗಳು ಹಾರ್ನ್ ಹಾಕಿದವು. ಪೊಲೀಸ್ ಕಾರೊಂದು ಪಕ್ಕದಲ್ಲೇ ಹಾದುಹೋಯಿತು. ಅವಳು ತಲೆ ಎತ್ತಿಕೊಂಡೇ ನಡೆದಳು. ಒಂದು ಚಪ್ಪಲಿಯ ಬಾರು ಕಿತ್ತುಹೋದಾಗ ಎರಡನ್ನೂ ಅಲ್ಲೇ ಬಿಟ್ಟಳು.

ಅಂಗಡಿಯ ಹೆಂಗಸಿನ ಹೆಸರು ಉಮ್ಮೆ ಕುಲ್ಸುಮ್. ಗದಗದವಳು. ಗಂಡ ಅಸ್ಲಂ ಹುಬ್ಬಳ್ಳಿಯವನು. ಬರಿಗಾಲಲ್ಲಿ ಬಂದು ಗಲ್ಲಾದ ಮುಂದೆ ನಿಂತವಳನ್ನು ಉಮ್ಮೆ ಕುಲ್ಸುಮ್ ಒಂದು ಕ್ಷಣ ದಿಟ್ಟಿಸಿ ನೋಡಿದಳು. ಏನೂ ಕೇಳದೆ ಒಳಗೆ ಕರೆದು, ಅಕ್ಕಿಮೂಟೆಯ ಮೇಲೆ ಕೂರಿಸಿ, ನೀರು ಕೊಟ್ಟಳು. ತಾಯಮ್ಮ ಮೂರು ಲೋಟ ಕುಡಿದಳು.

“ಎಷ್ಟ್ ದಿನ ಆತು?”

“ಎರಡು ವರ್ಷ ಎಂಟು ತಿಂಗ್ಳು ಕಣ್ರವ್ವ.”

ಅಸ್ಲಂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನ ಮುಖ ಬಾಡಿತ್ತು. “ಅವ್ರು ನಮ್ಮ ಗಿರಾಕಿ. ಅವ್ರ ಸಂಗಾತಿಗಳೆಲ್ಲಾ ನಮ್ಮ ಗಿರಾಕಿನ. ವಿಚಾರ ಮಾಡು” ಎಂದ.

“ಮಾಡೀನಿ” ಎಂದಳು ಉಮ್ಮೆ ಕುಲ್ಸುಮ್. “ನೀವು ಫೋನ್ ಮಾಡ್ತೀರೋ, ನಾ ಮಾಡ್ಲೋ?”

ಅಸ್ಲಂನೇ ಮಾಡಿದ. ಡೆಟ್ರಾಯ್ಟಿನಲ್ಲಿ ಹೆಂಗಸರ ನೆರವಿಗಿದ್ದ ಒಂದು ಸಂಸ್ಥೆಯಿಂದ ಸಂಜೆಗೇ ಇಬ್ಬರು ಬಂದರು. ಇಂಥವರನ್ನು ಕಾಪಾಡಲೆಂದು ದೇಶದಲ್ಲಿ ಹೊಸ ಕಾನೂನು ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ತಾಯಮ್ಮ ಉಮ್ಮೆ ಕುಲ್ಸುಮಳ ಮನೆಯಲ್ಲೇ ಉಳಿದಳು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ ಆ ಅಂಗಡಿಗೆ ಬರುವವರೇ ಕಡಿಮೆಯಾದರು. ಬಂದವರಲ್ಲೂ ಕೆಲವರು ಉಮ್ಮೆ ಕುಲ್ಸುಮಳ ದುಪಟ್ಟಾ ನೋಡಿ ಹಿಂದೆ ತಿರುಗುತ್ತಿದ್ದರು. “ನಿಮ್ಗೇ ಕಷ್ಟ ಬಂದದೆ, ನಾನ್ ಬೇರೆ ಕಡೆ ಓಯ್ತೀನಿ” ಎಂದು ತಾಯಮ್ಮ ಗಂಟು ಕಟ್ಟಿದಾಗ ಉಮ್ಮೆ ಕುಲ್ಸುಮ್ ಆ ಗಂಟನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸಿದಳು. “ಎಲ್ಲಿಗ್ ಹೋಗ್ತೀರಿ? ಕೂಡ್ರಿ ಸುಮ್ಕ. ಆಯತ್‌ಗೆ ಕನ್ನಡ ಅಕ್ಷರ ಕಲಸ್ರಿ. ಅಕಿ ನಿಮಗ ಇಂಗ್ಲಿಷ್ ಕಲಸ್ತಾಳ.”

ಹಾಗೇ ಆಯಿತು. ಏಳು ವರ್ಷದ ಗುರುವಿನ ಮುಂದೆ ಕೂತು ಮೂವತ್ತೈದರ ತಾಯಮ್ಮ ಹೌಸ್, ಡೋರ್, ವರ್ಕ್, ಗೋ, ಸ್ಟಾಪ್ ಕಲಿತಳು.

ಸರ್ಕಾರ ಆ ಗಂಡ ಹೆಂಡತಿಯ ಮೇಲೆ ಹೂಡಿದ ಕೇಸು ವಿಚಾರಣೆಗೆ ಬರುವ ಮುನ್ನ ಊರಿನ ಕನ್ನಡಿಗರಲ್ಲಿ ಹಿರಿಯರಾದ ಗುರುಶಾಂತಪ್ಪ ಬಂದರು. ಇಪ್ಪತ್ತೈದು ವರ್ಷದಿಂದ ಅಲ್ಲೇ ನೆಲೆಸಿದ್ದ ರಿಟೈರ್ಡ್ ಇಂಜಿನಿಯರು. ಯಾರ ಮನೆಯಲ್ಲಿ ಜಗಳವಾದರೂ ಅವರನ್ನೇ ಕರೆಯುವುದು ವಾಡಿಕೆ.

“ನೋಡಮ್ಮ, ಮನೆ ವಿಷಯ ಮನೇಲೇ ಮುಗೀಬೇಕು. ಕೋರ್ಟಿಗೆ ಹೋದ್ರೆ ನಮ್ಮೋರ ಮರ್ಯಾದೆ ಇಲ್ಲಿ ಬೀದೀಲಿ ಬೀಳುತ್ತೆ. ನಿಂಗೆ ಟಿಕೆಟ್ ಮಾಡಿಸ್ತೀವಿ, ಮಗಳ ಹತ್ರ ಹೋಗಿ ಆರಾಮಾಗಿರು.”

ತಾಯಮ್ಮ ಅವರಿಗೆ ಟೀ ಕೊಟ್ಟಳು. “ನಿಮ್ ಮಾತಿನಲ್ಲಿ ನಮ್ಮೋರು ಅಂದ್ರೆ ಯಾರು ಸ್ವಾಮಿ? ನಾನೂ ಸೇರಿದ್ದೀನಾ?” ಎಂದಳು. ಗುರುಶಾಂತಪ್ಪ ಟೀ ಮುಗಿಸದೆ ಎದ್ದುಹೋದರು.

ಎರಡು ಸಾವಿರದ ಮೂರರ ಏಪ್ರಿಲ್‌ನಲ್ಲಿ, ಡೆಟ್ರಾಯ್ಟಿನ ಕೋರ್ಟಿನಲ್ಲಿ, ಹನ್ನೆರಡು ಜನ ಜ್ಯೂರಿಯ ಮುಂದೆ ಅವಳು ನಿಂತಳು. ಪಕ್ಕದಲ್ಲಿ ಅವಳ ಕನ್ನಡವನ್ನು ಇಂಗ್ಲಿಷಿಗೆ ಹೇಳಲು ನೇಮಿಸಿದ್ದ ದುಭಾಷಿ. ಟೈ ಕಟ್ಟಿದ ಮರ್ಯಾದಸ್ತ ಗೃಹಸ್ಥ. ಎದುರಿಗೆ ಶ್ರೀಧರ್, ಅನುರಾಧಾ. ಅವಳನ್ನು ನೋಡಿದ ಕೂಡಲೇ ಅನುರಾಧಾ ಮುಖ ತಿರುಗಿಸಿದಳು. ತಾಯಮ್ಮನಿಗೆ ಆ ಹೊತ್ತಿನಲ್ಲೂ ಮಕ್ಕಳು ಯಾರ ಹತ್ತಿರ ಇವೆಯೋ ಎಂಬ ಯೋಚನೆ ಬಂತು.

ಶ್ರೀಧರನ ವಕೀಲ ಎತ್ತರದ ಮನುಷ್ಯ, ದನಿ ಮೆತ್ತಗೆ. ಮುಂಬಾಗಿಲಿಗೆ ಬೀಗ ಇತ್ತೇ? ಇರಲಿಲ್ಲ. ನಿಮ್ಮನ್ನು ಕಟ್ಟಿಹಾಕಿದ್ದರೇ? ಇಲ್ಲ. ಹಾಗಾದರೆ ಯಾವತ್ತು ಬೇಕಾದರೂ ಹೋಗಬಹುದಿತ್ತು, ನೀವೇ ಇಷ್ಟಪಟ್ಟು ಇದ್ದಿರಿ, ಅಲ್ಲವೇ? ದುಭಾಷಿ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದ.

“ಇಷ್ಟಪಟ್ಟು ಇರ್ಲಿಲ್ಲ. ನಾನು ಅವ್ರ ಮನೇಲಿ ಜೀತ ಇದ್ದೆ” ಎಂದಳು ತಾಯಮ್ಮ.

ದುಭಾಷಿ ಒಂದು ಗಳಿಗೆ ತಡೆದು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರೊಳಗಿನ ಒಂದು ಪದ ತಾಯಮ್ಮನ ಕಿವಿಗೆ ಬಿತ್ತು. ವರ್ಕಿಂಗ್. ಆಯತ್ ಮೊದಮೊದಲು ಕಲಿಸಿದ ಪದಗಳಲ್ಲಿ ಅದೂ ಒಂದು.

“ಸ್ಟಾಪ್” ಎಂದಳು ಅವಳು.

ಇಡೀ ಕೋರ್ಟು ಅವಳತ್ತ ತಿರುಗಿತು. “ನೋ ವರ್ಕ್” ಎಂದು ತಲೆಯಾಡಿಸಿ, ದುಭಾಷಿಯ ಕಡೆ ನೋಡಿದಳು. “ಸ್ವಾಮಿ, ನಾನು ಕೆಲ್ಸ ಅಂದ್ನಾ? ಜೀತ ಅಂದೆ. ಆ ಪದಾನೇ ಹೇಳಿ.”

ದುಭಾಷಿಯ ಮುಖ ಕೆಂಪಾಯಿತು. ನ್ಯಾಯಾಧೀಶರು ಏನಾಯಿತು ಎಂದು ಕೇಳಿದರು. ವಕೀಲ ಎದ್ದುನಿಂತು ಆಕ್ಷೇಪಿಸಿದ. ನ್ಯಾಯಾಧೀಶರು ಅವನನ್ನು ಕೂರಿಸಿ, ಸಾಕ್ಷಿ ಯಾವ ಪದ ಹೇಳಿದರೋ ಅದೇ ಪದ ಬರಬೇಕು, ಅದರ ಅರ್ಥವನ್ನು ಸಾಕ್ಷಿಯೇ ವಿವರಿಸಲಿ ಎಂದರು.

ಆಗ ತಾಯಮ್ಮ ತನ್ನ ಅಪ್ಪನ ಸಂಗತಿ ಹೇಳಿದಳು. ಅದನ್ನು ಅವಳು ಉಮ್ಮೆ ಕುಲ್ಸುಮಳಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

“ನಮ್ಮಪ್ಪ ಹನ್ನೊಂದು ವರ್ಷದ ಮಗುವಾಗಿದ್ದಾಗಿಂದ ಊರ ದೊಡ್ಡವರ ಮನೇಲಿ ಜೀತಕ್ಕಿದ್ದ. ಅಲ್ಲಿ ಬೀಗ ಇರ್ಲಿಲ್ಲ. ಹಗ್ಗಾನೂ ಇರ್ಲಿಲ್ಲ. ಓಡೋದ್ರೆ ಎಲ್ಲಿಗೆ ಓಡೋದು? ಎಪ್ಪತ್ತಾರನೇ ಇಸ್ವೀಲಿ ಜೀಪಲ್ಲಿ ಆಫೀಸರು ಬಂದ್ರು. ನಂಗಾಗ ಹತ್ತು ವರ್ಷ ಇರ್ಬೋದು. ಊರ ಮುಂದೆ ಕರ್ದು ಅಪ್ಪನ ಕೈಗೆ ಒಂದು ಕಾಗ್ದ ಕೊಟ್ರು. ಅದ್ರಲ್ಲಿ ಕೆಲ್ಸದಿಂದ ಬಿಡುಗಡೆ ಅಂತ ಬರೆದಿರ್ಲಿಲ್ಲ ಸ್ವಾಮಿ. ಜೀತದಿಂದ ಬಿಡುಗಡೆ ಅಂತ ಬರೆದಿತ್ತು. ನಾನೇ ಓದಿ ಹೇಳ್ದೆ ಅವ್ನಿಗೆ. ಅಪ್ಪ ಆ ಕಾಗ್ದಾನ ಮುಚ್ಚಿಟ್ಟ. ನಾಚ್ಕೆ ಅವ್ನಿಗೆ. ಸಾಯೋ ತನಕ ಆ ಮಾತು ಎತ್ತಲಿಲ್ಲ. ನಾನು ಎತ್ತುತೀನಿ. ನಂಗೆ ನಾಚ್ಕೆ ಇಲ್ಲ. ನಾಚ್ಕೆ ಪಡ್ಬೇಕಾದೋರು ಅಲ್ಲಿ ಕೂತವ್ರೆ.”

ದುಭಾಷಿ ಇದನ್ನೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಹೇಳಿದ. ಕೊನೆಯಲ್ಲಿ ಅವಳು ಮೊದಲು ಹೇಳಿದ ಮಾತನ್ನು ಇನ್ನೊಮ್ಮೆ ಇಂಗ್ಲಿಷಿಗೆ ತಂದ. ಈ ಸಲ ಅದರಲ್ಲಿ ‘ವರ್ಕ್’ ಇರಲಿಲ್ಲ, ‘ಸ್ಲೇವ್’ ಇತ್ತು. ಜ್ಯೂರಿಯ ಎರಡನೇ ಸಾಲಿನಲ್ಲಿದ್ದ ನೆರೆಗೂದಲಿನ ಕಪ್ಪು ಹೆಂಗಸು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟು ತಾಯಮ್ಮನನ್ನೇ ನೋಡತೊಡಗಿದಳು.

ಐದನೇ ದಿನ ತೀರ್ಪು ಬಂತು. ಇಬ್ಬರೂ ಅಪರಾಧಿಗಳು. ಕೆಲವು ತಿಂಗಳ ಮೇಲೆ ಶಿಕ್ಷೆ ಹೇಳಿದರು. ಶ್ರೀಧರನಿಗೆ ಜೈಲು, ಅನುರಾಧಾಳಿಗೆ ಅದಕ್ಕಿಂತ ಕಡಿಮೆ. ಮಕ್ಕಳನ್ನು ಅಜ್ಜಿ ಬಂದು ಮೈಸೂರಿಗೆ ಕರೆದುಕೊಂಡು ಹೋದಳಂತೆ. ಆ ಸುದ್ದಿ ಕೇಳಿದ ದಿನ ತಾಯಮ್ಮ ಊಟ ಮಾಡಲಿಲ್ಲ. ಹಾಗೆಂದು ತಾನು ಮಾಡಿದ್ದು ತಪ್ಪು ಎಂದು ಒಂದು ಗಳಿಗೆಯೂ ಅನಿಸಲಿಲ್ಲ.

ವರದಿಯನ್ನು ಪತ್ರಿಕೆಯಲ್ಲಿ ಓದಿದ ಡೆಟ್ರಾಯ್ಟಿನ ಒಂದು ಚರ್ಚಿನ ಹೆಂಗಸರು ಅವಳನ್ನು ಕರೆಸಿಕೊಂಡರು. ಎಲ್ಲರೂ ಕಪ್ಪು ಜನ. ಎಲ್ಲರ ತಲೆಯ ಮೇಲೂ ಅಗಲವಾದ ಬಣ್ಣದ ಟೋಪಿ. ಮನೆಯಿಂದ ಹೊರಬಿದ್ದ ದಿನ ಯಾವುದು ಎಂದು ಯಾರೋ ಕೇಳಿದರು. ಪಕ್ಕದಲ್ಲಿದ್ದ ಉಮ್ಮೆ ಕುಲ್ಸುಮ್ ಜೂನ್ ಹತ್ತೊಂಬತ್ತು ಎಂದಾಗ ಇಡೀ ಸಭೆಯಿಂದ ಒಂದೇ ಉಸಿರಿನ ಉದ್ಗಾರ ಎದ್ದಿತು. ತಾಯಮ್ಮ ಗಾಬರಿಯಾದಳು. ಊರುಗೋಲಿನ ಒಬ್ಬ ಮುದುಕಿ ಎದ್ದುಬಂದು ಅವಳ ಎರಡೂ ಕೈ ಹಿಡಿದು ವಿವರಿಸಿದಳು. ಅವರ ಹಿರಿಯರಲ್ಲಿ ಟೆಕ್ಸಾಸಿನ ಕಡೆಯ ಗುಲಾಮರಿಗೆ ನೀವು ಸ್ವತಂತ್ರರು ಎಂಬ ಸುದ್ದಿ ಮುಟ್ಟಿದ್ದು ಅದೇ ಜೂನ್ ಹತ್ತೊಂಬತ್ತರಂದು. ಅವತ್ತು ಅವರಿಗೆ ಹಬ್ಬ. ಮುದುಕಿಯ ಅಜ್ಜಿಯೂ ಗುಲಾಮಳಾಗಿ ಹುಟ್ಟಿದವಳಂತೆ.

“ನಿಮ್ಮಜ್ಜಿ ಈ ಮಾತೆಲ್ಲ ಹೇಳ್ತಿದ್ರಾ?” ಎಂದು ತಾಯಮ್ಮ ಉಮ್ಮೆ ಕುಲ್ಸುಮಳಿಂದ ಕೇಳಿಸಿದಳು.

ದಿನಾ ಹೇಳುತ್ತಿದ್ದಳು, ಯಾರು ಕೇಳಲಿ ಬಿಡಲಿ, ಎಂದು ಮುದುಕಿ ನಕ್ಕಳು. ಆ ನಗು ತಾಯಮ್ಮನ ಮನಸ್ಸಿನಲ್ಲಿ ಉಳಿಯಿತು. ಅಪ್ಪ ಯಾವುದನ್ನು ನಾಚಿಕೆಯೆಂದು ಮುಚ್ಚಿಟ್ಟಿದ್ದನೋ ಅದನ್ನೇ ಇವರು ತಲೆಯೆತ್ತಿ ಆಡುತ್ತಿದ್ದರು.

ಅಲ್ಲೇ ಉಳಿಯುವ ವೀಸಾ ಅವಳಿಗೆ ಸಿಕ್ಕಿತು, ಮಗಳನ್ನು ಕರೆಸಿಕೊಳ್ಳುವ ಹಕ್ಕೂ ಸಿಕ್ಕಿತು. ನೆರವಿನ ಸಂಸ್ಥೆಯವರೇ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಒಂದು ಆಫೀಸು ಕಟ್ಟಡದ ಕ್ಯಾಂಟೀನಿನಲ್ಲಿ ಕೆಲಸ ಕೊಡಿಸಿದರು. ಅರೋರಾದಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಎರಡು ಸಾವಿರದ ನಾಲ್ಕರ ಆಗಸ್ಟಿನಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಲತಾಶ್ರೀ ಕಾಣಿಸಿದಾಗ ತಾಯಮ್ಮನ ಕಣ್ಣು ಒಂಬತ್ತು ವರ್ಷದ ಹುಡುಗಿಯನ್ನು ಹುಡುಕುತ್ತಿತ್ತು. ಬಂದವಳು ತನಗಿಂತ ಎತ್ತರ. “ಚೆನ್ನಾಗಿದೀರಾ?” ಎಂದು ಬಹುವಚನದಲ್ಲಿ ಕೇಳಿದಳು. ಮನೆಗೆ ಬಂದ ಮೇಲೆ ತಾಯಮ್ಮ ಅಂಚೆಗೆ ಬೀಳದ ಆ ಕಾಗದಗಳನ್ನು ಮಗಳ ಮಡಿಲಲ್ಲಿಟ್ಟು ಅಡುಗೆಗೆ ಹೋದಳು. ಅನ್ನ ಬಸಿಯುವ ಹೊತ್ತಿಗೆ ಲತಾಶ್ರೀ ಬಂದು ಹಿಂದಿನಿಂದ ಅವಳ ಸೊಂಟ ತಬ್ಬಿ ನಿಂತಳು. “ಎಲ್ಲಾದ್ರಲ್ಲೂ ಊಟ ಮಾಡ್ದಾ ಅಂತಾನೇ ಕೇಳಿದೀಯಲ್ಲಮ್ಮ” ಎಂದಳು. ಅವತ್ತಿನಿಂದ ಏಕವಚನ.

ಸಂಸ್ಥೆಯವರು ಕರೆದಲ್ಲೆಲ್ಲ ತಾಯಮ್ಮ ಹೋಗಿ ಮಾತಾಡತೊಡಗಿದಳು. ಕಾಲೇಜುಗಳಲ್ಲಿ, ಚರ್ಚುಗಳಲ್ಲಿ, ಒಮ್ಮೆ ಪೊಲೀಸರ ತರಬೇತಿಯಲ್ಲಿ. ಲತಾಶ್ರೀ ಇಂಗ್ಲಿಷಿಗೆ ಹೇಳುತ್ತಿದ್ದಳು. ಆದರೆ ಕನ್ನಡಿಗರು ಮಾತ್ರ ಅವಳನ್ನು ಕರೆದಿರಲಿಲ್ಲ. ದೇವಸ್ಥಾನದಲ್ಲಿ ಎದುರಾದರೆ ಕೆಲವರು ದಾರಿ ಬದಲಿಸುತ್ತಿದ್ದರು. “ನಮ್ಮೋರನ್ನೇ ಜೈಲಿಗೆ ಹಾಕಿಸಿದೋಳು” ಎಂಬ ಪಿಸುಮಾತು ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿರುತ್ತಿತ್ತು.

ಎರಡು ಸಾವಿರದ ಆರರಲ್ಲಿ ಕ್ಯಾಂಟನ್ ಕಡೆಯ ಕನ್ನಡ ಸಂಘಕ್ಕೆ ಕಿಶೋರ್ ಎಂಬ ಹೊಸ ಕಾರ್ಯದರ್ಶಿ ಬಂದಿದ್ದ. ಅವನೇ ಫೋನ್ ಮಾಡಿದ. “ಆಂಟಿ, ರಾಜ್ಯೋತ್ಸವಕ್ಕೆ ನೀವು ಮಾತಾಡಬೇಕು. ಕಮಿಟೀಲಿ ಹಬ್ಬದ ದಿನ ಅದೆಲ್ಲ ಯಾಕೆ ಅಂತ ದೊಡ್ಡ ಫೈಟ್ ಆಯ್ತು. ಮಕ್ಕಳ ಡ್ಯಾನ್ಸ್ ಆದ್ಮೇಲೆ, ಊಟಕ್ಕೆ ಮುಂಚೆ ಐದು ನಿಮಿಷ ಅಷ್ಟೇ ಸಿಕ್ಕಿರೋದು. ಸಾರಿ.”

“ಐದು ನಿಮ್ಷ ಧಾರಾಳ ಆಯ್ತು ಕಣಪ್ಪ” ಎಂದಳು ತಾಯಮ್ಮ.

ಅರೋರಾದಿಂದ ಕ್ಯಾಂಟನ್‌ಗೆ ಮುನ್ನೂರು ಮೈಲಿಗೆ ತುಸು ಕಡಿಮೆ. ಅಷ್ಟನ್ನೂ ಅವಳೇ ಡ್ರೈವ್ ಮಾಡಿದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ ಮೂರನೇ ಸಲಕ್ಕೆ ಗಳಿಸಿದ ಲೈಸೆನ್ಸು. ಪಕ್ಕದಲ್ಲಿ ಲತಾಶ್ರೀ ಎಕ್ಸಿಟ್ ನಂಬರು ಓದುತ್ತಿದ್ದಳು. “ಮಾಮ್, ಸ್ಲೋ ಡೌನ್!” ಎಂದು ಎರಡು ಸಲ ಕಿರುಚಿದಳು ಕೂಡ. ಊರು ಹತ್ತಿರವಾದಾಗ ಆ ಹಳೆಯ ನೀರಿನ ಟ್ಯಾಂಕು ಕಂಡಿತು. ತಾಯಮ್ಮ ಎಡಕ್ಕೆ ತಿರುಗಲಿಲ್ಲ, ನೇರ ಹೋದಳು.

ಸಭೆಯಲ್ಲಿ ನಾನ್ನೂರು ಜನ. ಹಿಂದಿನ ಸಾಲಿನಲ್ಲಿ ಅಸ್ಲಂ, ಉಮ್ಮೆ ಕುಲ್ಸುಮ್, ಆಯತ್. ಎರಡನೇ ಸಾಲಿನಲ್ಲಿ ಗುರುಶಾಂತಪ್ಪ. ಬೇರೆ ಕಡೆ ಮಾತಾಡುವಾಗ ತನ್ನ ಮಾತು ಮಗಳ ಬಾಯಿಂದ ಇಂಗ್ಲಿಷಾಗಿ ಹೊರಡುವವರೆಗೆ ಅವಳಿಗೆ ಉಸಿರೆಳೆದುಕೊಳ್ಳಲು ಹೊತ್ತು ಸಿಗುತ್ತಿತ್ತು. ಇಲ್ಲಿ ಅದಿಲ್ಲ. ಆಡಿದ್ದು ಆಡಿದ ಕೂಡಲೇ ತಟ್ಟುವ ಜನ. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

“ನನ್ ಹೆಸ್ರು ತಾಯಮ್ಮ. ನಿಮ್ಗೆ ಹೊಸ ಹೆಸ್ರು, ಆದ್ರೆ ನನ್ ಅಡ್ಗೆ ಹೊಸ್ದಲ್ಲ. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ನನ್ ಕೈಲಿ ಉಂಡಿದೀರ. ಬಿಸಿಬೇಳೆಬಾತ್ ಏನ್ ಚೆಂದಾಗದೆ ಅನುರಾಧಾ ಅಂತಿದ್ರಿ. ನಾನು ಬಾಗ್ಲಿಂದೆ ನಿಂತು ಕೇಳಿಸ್ಕತಿದ್ದೆ. ಖುಷಿ ಆಗ್ತಿತ್ತು. ಸುಳ್ಳು ಯಾಕ್ ಹೇಳ್ಲಿ.”

ಯಾರೋ ಒಬ್ಬರು ನಕ್ಕು ತಟ್ಟನೆ ನಿಲ್ಲಿಸಿದರು.

“ಎರಡು ವರ್ಷ ಎಂಟು ತಿಂಗ್ಳು ಬಡಿಸ್ದೆ. ನಿಮ್ಮಲ್ಲಿ ಒಬ್ರಾದ್ರೂ ನಿನ್ ಹೆಸ್ರೇನು ಅಂತ ಕೇಳಿದ್ರೆ, ನಾನು ಅವತ್ತೇ ಹೊರಗ್ ಬರ್ತಿದ್ದೆ. ನೀವು ಕೆಟ್ಟೋರಲ್ಲ. ಕೇಳ್ಬೇಕು ಅಂತ ನಿಮ್ಗೆ ಹೊಳೀಲಿಲ್ಲ. ನಾನು ನಮ್ಮೋರ ಮರ್ಯಾದೆ ಕಳೆದೆ ಅಂತೀರಿ. ನಾನು ಹೊಸಿಲು ದಾಟಿ ಹೊರಗ್ ಬಂದ್ನಲ್ಲ, ಮರ್ಯಾದೆ ಅವತ್ತೇ ಬಂದಿದ್ದು, ನಂಗೂ, ನಿಮ್ಗೂ. ನಮ್ ಕನ್ನಡದಲ್ಲಿ ಜೀತ ಅಂತ ಒಂದು ಪದ ಅದೆ. ಅದು ಪುಸ್ತಕದಲ್ಲಿ ಅಲ್ಲ, ಇಲ್ಲೇ ಎರಡು ಮೈಲಿ ದೂರದಲ್ಲಿ ಇತ್ತು. ಇನ್ಮೇಲೆ ಯಾರ್ ಮನೇಲಾದ್ರೂ ಅಡ್ಗೆ ಮಾಡೋಳು, ಮಕ್ಳು ನೋಡ್ಕೊಳೋಳು ಕಂಡ್ರೆ ಹೆಸ್ರು ಕೇಳಿ. ಪಾಸ್‌ಪೋರ್ಟ್ ಯಾರ್ ಹತ್ರ ಅದೆ ಕೇಳಿ. ಅಷ್ಟೇ ನಾನ್ ಕೇಳೋದು. ಊಟ ಆರೋಯ್ತದೆ, ನಡೀರಿ.”

ಚಪ್ಪಾಳೆ ಕೂಡಲೇ ಬರಲಿಲ್ಲ. ಮೊದಲು ಹಿಂದಿನ ಸಾಲಿನಲ್ಲಿ ಶುರುವಾಯಿತು, ಆಮೇಲೆ ಅಲ್ಲಲ್ಲಿ, ಆಮೇಲೆ ಬಹುಪಾಲು ಕಡೆ. ಒಂದೆರಡು ಕುಟುಂಬಗಳು ಊಟಕ್ಕೆ ನಿಲ್ಲದೆ ಹೊರಟವು. ಊಟದ ಸಾಲಿನಲ್ಲಿ ಗುರುಶಾಂತಪ್ಪ ತಟ್ಟೆ ಹಿಡಿದು ಅವಳ ಎದುರು ಬಂದು ನಿಂತರು. ಆರು ಸಲ ಅವರು ಆ ಮನೆಯಲ್ಲಿ ಉಂಡಿದ್ದರು. ತಾಯಮ್ಮನಿಗೆ ಲೆಕ್ಕವಿತ್ತು.

“ನಾನು ಕೇಳಬೇಕಿತ್ತು ತಾಯಮ್ಮನೋರೇ. ಕೇಳ್ಲಿಲ್ಲ” ಎಂದರು.

“ಇನ್ಮೇಲಾದ್ರೂ ಕೇಳಿ ಸ್ವಾಮಿ” ಎಂದಳು. ದನಿಯಲ್ಲಿ ಕಹಿ ಇರಲಿಲ್ಲ.

ಹೊಸ ವರ್ಷದ ಎರಡನೇ ವಾರ ಗುರುಶಾಂತಪ್ಪನವರ ಫೋನ್ ಬಂತು. ಲಿಸ್ಲ್‌ನಲ್ಲಿರುವ ಅಣ್ಣನ ಮಗನ ಮನೆಗೆ ಬಂದಿದ್ದರಂತೆ. ಪಕ್ಕದ ಮನೆಯ ಊಟಕ್ಕೆ ಹೋಗಿದ್ದಾಗ ಒಬ್ಬ ಹುಡುಗಿ ತಲೆ ಬಗ್ಗಿಸಿಕೊಂಡು ಬಡಿಸುತ್ತಿದ್ದಳಂತೆ. “ಕೈ ತೊಳೆಯೋ ನೆಪದಲ್ಲಿ ಅಡುಗೆಮನೆಗೆ ಹೋಗಿ ಕೇಳಿದೆ. ರುಕ್ಸಾರ್ ಅಂತ ಹೆಸರು. ಚಿಂತಾಮಣಿಯೋಳು. ಪಾಸ್‌ಪೋರ್ಟ್ ಎಲ್ಲಮ್ಮ ಅಂದ್ರೆ ಗೊತ್ತಿಲ್ಲ ಅಂದ್ಳು. ಈಗ ನಾನೇನ್ ಮಾಡ್ಲಿ?”

“ಮಾಡೋದೆಲ್ಲ ಮಾಡಿದೀರ. ಅಡ್ರೆಸ್ ಹೇಳಿ” ಎಂದಳು ತಾಯಮ್ಮ.

ಹತ್ತು ದಿನದಲ್ಲಿ, ಒಂದು ಮಧ್ಯಾಹ್ನ, ಅಧಿಕಾರಿಗಳ ಜೊತೆ ಸಂಸ್ಥೆಯ ಕಾರಿನಲ್ಲಿ ತಾಯಮ್ಮನೂ ಹೋದಳು. ಕ್ಯಾಂಟೀನಿಗೆ ರಜೆ ಹಾಕಿದ್ದಳು. ಒಳಗೆ ಮನೆಯವರನ್ನು ವಿಚಾರಿಸುತ್ತಿರುವಾಗ ಗ್ಯಾರೇಜಿನ ಬಾಗಿಲಲ್ಲಿ ಬೆದರಿ ನಿಂತಿದ್ದ ಇಪ್ಪತ್ತೆರಡರ ಹುಡುಗಿಗೆ ಅವಳು ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: “ಹೆದರ್ಬ್ಯಾಡ ಕಣವ್ವ, ನಾನೂ ಹಿಂಗೇ ಬಂದೋಳು.”

ಬೇರೆ ಏರ್ಪಾಡಾಗುವವರೆಗೆ ರುಕ್ಸಾರ್ ಅರೋರಾದಲ್ಲಿ ಅವರ ಜೊತೆಯೇ ಉಳಿದಳು. ಮೊದಲ ದಿನ ಬೆಳಿಗ್ಗೆ ಐದಕ್ಕೆ ತಾಯಮ್ಮ ಎದ್ದು ಬರುವಷ್ಟರಲ್ಲಿ ಅವಳು ಅಡುಗೆಮನೆಯ ನಡುವೆ ಕೈಕಟ್ಟಿ ನಿಂತಿದ್ದಳು.

“ಏನ್ ಕೆಲಸ ಮಾಡ್ಲಿ ಆಂಟಿ?”

“ಏನೂ ಇಲ್ಲ. ಕೂತ್ಕೊ.”

ಅವಳಿಗೆ ಕೂರಲು ಬರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಎದ್ದು, ಮತ್ತೆ ಕೂತಳು. ತಾಯಮ್ಮ ಕಾಫಿ ಬೆರೆಸಿ ಅವಳ ಮುಂದಿಟ್ಟಳು. ಸ್ವಲ್ಪ ಹೊತ್ತಿಗೆ ಲತಾಶ್ರೀ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿ ಬಂದು, ಟೋಸ್ಟ್ ಕಚ್ಚುತ್ತ, “ಮೈ ಮಾಮ್ ಈಸ್ ಫೇಮಸ್, ಯು ನೋ” ಎಂದು ರುಕ್ಸಾರ್‌ಗೆ ಹೇಳಿ ಓಡಿದಳು.

“ಏನಂದ್ಳು?” ಎಂದು ರುಕ್ಸಾರ್ ಕೇಳಿದಳು.

“ತಲೆ ಅವಳ್ದು” ಎಂದು ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಗೆ ಒರೆಸಿಕೊಂಡರೂ ನಗು ಹೋಗಲಿಲ್ಲ.

“ನಾನೂ ಕೋರ್ಟಲ್ಲಿ ಮಾತಾಡಬೇಕಾ ಆಂಟಿ?”

“ನಿನ್ನಿಷ್ಟ. ಮಾತಾಡು ಅಂತ ಯಾರೂ ಬಲವಂತ ಮಾಡಂಗಿಲ್ಲ, ಬ್ಯಾಡ ಅಂತಲೂ ಮಾಡಂಗಿಲ್ಲ. ಅದೇ ಅಲ್ವಾ ಬಿಡುಗಡೆ ಅಂದ್ರೆ?”

ರುಕ್ಸಾರ್ ಕಾಫಿ ಕುಡಿದು ಲೋಟ ಕೆಳಗಿಟ್ಟಳು. “ಮಾತಾಡ್ತೀನಿ” ಎಂದಳು. ಆಮೇಲೆ, ಇನ್ನೂ ಮೆಲ್ಲಗೆ, “ಈಗ ಸ್ವಲ್ಪ ಹೊರಗೆ ಹೋಗಬಹುದಾ?”

ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ತಾಯಮ್ಮ ತನ್ನ ದಪ್ಪ ಕೋಟನ್ನು ಅವಳಿಗೆ ತೊಡಿಸಿ, ಗುಂಡಿಗಳನ್ನು ಗಂಟಲಿನವರೆಗೂ ಹಾಕಿ, ಬಾಗಿಲ ಕೀಲಿಯನ್ನು ಅವಳ ಕೈಯಲ್ಲಿಟ್ಟಳು. ತಾನು ಹಿಂದೆ ಹೋಗಲಿಲ್ಲ. ರುಕ್ಸಾರ್ ಒಬ್ಬಳೇ ಮೆಟ್ಟಿಲಿಳಿದು, ಪಾರ್ಕಿಂಗ್ ಜಾಗ ದಾಟಿ, ಶಿಕಾಗೋ ರೈಲು ಹೋಗುವ ಹಳಿಯ ಕಡೆಗೆ ನಡೆದುಹೋಗುವುದನ್ನು ಕಿಟಕಿಯಿಂದ ನೋಡಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತಳು.